ಚದುರಂಗದ ಮಣೆಯೂ ಊರಿನ ಕೇರಿಗಳೂ

ಪ್ರಪಂಚದ ಯಾವ ದೊಡ್ಡ ಪಟ್ಟಣವನ್ನು ನೋಡಿದರೂ ಅಲ್ಲಿ ಒಂದೊಂದು ಪಂಗಡದ ಜನರು ಒಂದೊಂದು ಭಾಗವನ್ನು ಹಿಡಿದು ನೆಲೆಸಿರುವುದು ಕಣ್ಣಿಗೆ ಬೀಳುತ್ತದೆ. ಇದಕ್ಕೆ ಕಾರಣವೇನೆಂದು ವಿಚಾರಿಸುವವರು ಸಾಮಾನ್ಯವಾಗಿ ಎರಡರಲ್ಲೊಂದು ಉತ್ತರವನ್ನು ಕೊಡುವರು. ಜನರ ಮನಸ್ಸಿನಲ್ಲಿ ಪರಸ್ಪರ ದ್ವೇಷವು ಬೇರೂರಿರುವುದರಿಂದಲೇ ಹೀಗಾಯಿತೆಂದು ಒಂದು ಪಕ್ಷ; ಅವರವರ ಜನ ಅವರವರಿಗೆ ಹಿತವಷ್ಟೆ, ಇದರಲ್ಲಿ ಯಾರ ತಪ್ಪೂ ಇಲ್ಲ, ಯಾರೂ ಮಾಡತಕ್ಕುದೂ ಇಲ್ಲವೆಂದು ಇನ್ನೊಂದು ಪಕ್ಷ. ಮೊದಲನೆಯದನ್ನು ವೇದಿಕೆಯ ಮೇಲೆ ಕೇಳುತ್ತೇವೆ. ಎರಡನೆಯದನ್ನು ಮನೆಯ ಜಗುಲಿಯ ಮೇಲೆ. ಇವೆರಡೂ ಸಾಲವೆಂಬುದನ್ನು ಅಮೆರಿಕಾ ದೇಶದ ಅರ್ಥಶಾಸ್ತ್ರಜ್ಞರೊಬ್ಬರು ಒಂದು ಚದುರಂಗದ ಮಣೆ, ಒಂದು ಹಿಡಿ ನಾಣ್ಯ, ಇಷ್ಟರಿಂದಲೇ ತೋರಿಸಿಕೊಟ್ಟಿದ್ದಾರೆ. ನಿವೇಶನ ಹಂಚುವ ಅಧಿಕಾರಿಗಳಿಗೂ ಮನೆಯನ್ನು ಬಾಡಿಗೆಗೆ ಕೊಡುವ ಗೃಹಸ್ಥರಿಗೂ ಈ ವಿಷಯವು ನೇರವಾಗಿ ಸಂಬಂಧಿಸಿದ್ದಾದ್ದರಿಂದ ತುಸು ವಿಸ್ತಾರವಾಗಿಯೇ ಅದನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಈ ಪಂಡಿತರ ಹೆಸರು ಥಾಮಸ್ ಷೆಲ್ಲಿಂಗ್. ಅಣ್ವಸ್ತ್ರಗಳ ಯುಗದಲ್ಲಿ ರಾಷ್ಟ್ರರಾಷ್ಟ್ರಗಳ ನಡುವಣ ಬೆದರಿಕೆ, ಚೌಕಾಸಿ ಮೊದಲಾದುವುಗಳನ್ನು ಕುರಿತು ಬರೆದು ಖ್ಯಾತರಾದವರು, 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ರಾಬರ್ಟ್ ಔಮನ್ ಎಂಬವರೊಡನೆ ಹಂಚಿಕೊಂಡರು, 2016ರಲ್ಲಿ ತೀರಿಕೊಂಡರು. ತಮ್ಮ ದೇಶದಲ್ಲಿ ಬಿಳಿಯರೂ ಕರಿಯರೂ ಬೇರೆಬೇರೆ ಮೊಹಲ್ಲೆಗಳಲ್ಲಿ ವಾಸಿಸುವುದನ್ನು ಕುರಿತು 1969ರಲ್ಲಿ ಒಂದು ಸಣ್ಣ ಲೇಖನವನ್ನೂ, 1971ರಲ್ಲಿ ಒಂದು ದೊಡ್ಡ ಲೇಖನವನ್ನೂ ಬರೆದು, 1978ರ ತಮ್ಮ ಗ್ರಂಥದಲ್ಲಿ ಅದನ್ನು ಸಾಮಾನ್ಯ ವಾಚಕನಿಗೂ ತಿಳಿಯುವಂತೆ ವಿವರಿಸಿದರು. ಗಣಿತವನ್ನು ಕಂಡರೆ ಅಂಜುವವರೂ ಅದನ್ನು ಆಡಿ ನೋಡಬಹುದು.

ಚದುರಂಗದ ಮಣೆಯಲ್ಲಿ 64 ಮನೆಗಳು. (ಚೌಕಗಳನ್ನು ನಮ್ಮವರು ಮನೆಯೆಂದೇ ಕರೆಯುವುದು ಇಲ್ಲಿ ಅನ್ವರ್ಥವಾಗಿದೆ.) ನಾಲ್ಕು ಮೂಲೆಗಳನ್ನು ಬರಿದಾಗಿ ಬಿಟ್ಟು, ಮಿಕ್ಕ 60 ಮನೆಗಳಲ್ಲಿ ಎರಡು ಬಗೆಯ ನಾಣ್ಯಗಳನ್ನು ಒಂದು ಬಿಟ್ಟು ಒಂದರಂತೆ ಇಡಬೇಕು. ಪ್ರತಿಯೊಂದು ನಾಣ್ಯವೂ ಒಂದು ಸಂಸಾರ. ಅಕ್ಕಪಕ್ಕ, ಹಿಂದೆಮುಂದೆ, ಓರೆಯಲ್ಲಿ ಇರುವವರೆಲ್ಲರೂ ಅದಕ್ಕೆ ನೆರೆಯವರು. ನಟ್ಟನಡುವೆ ಇರುವ ಸಂಸಾರಕ್ಕೆ ಎಂಟು ಮಂದಿ ನೆರೆಯವರು. ಇನ್ನು ಪ್ರತಿಯೊಬ್ಬನ ಅಪೇಕ್ಷೆ: ನೆರೆಯಲ್ಲಿ ಆರರಿಂದ ಎಂಟು ಮಂದಿಯಿದ್ದರೆ ಅವರಲ್ಲಿ ಮೂವರಾದರೂ ತನ್ನವರಿರಬೇಕು; ಮೂರರಿಂದ ಐವರಿದ್ದರೆ ಇಬ್ಬರು; ಇಬ್ಬರಿದ್ದರೆ ಒಬ್ಬ; ಒಬ್ಬನೇ ಇದ್ದರೆ ಅವನು ತನ್ನವನಾಗಿರಬೇಕು. ಇದರಲ್ಲಿ ದ್ವೇಷವೆಲ್ಲಿ? ಎಂಟು ಮಂದಿಯಲ್ಲಿ ಐವರು ಪರರಾದರೂ ಈ ಸಂಸಾರವು ಸಂತೋಷದಿಂದಲೇ ಇರುತ್ತದೆ. ತೀರ ಒಂಟಿಯಾಗಬಾರದು, ಕಷ್ಟಸುಖಕ್ಕೆ ನಮ್ಮವರು ನಾಲ್ಕು ಜನ ಹತ್ತಿರವಿರಲಿ ಎಂಬಷ್ಟೇ ಅದರ ಆಸೆ. ಈ ಮಾತನ್ನು ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ಮನೆ ಹುಡುಕುವಾಗ ಆಡಿರಬಹುದು.

ಒಂದು ಬಿಟ್ಟು ಒಂದರಂತೆ ಇಟ್ಟ ಮಣೆಯ ಮೇಲೆ ಎಲ್ಲರೂ ತೃಪ್ತರು. ಎಣಿಸಿ ನೋಡಿದರೆ ಅತೃಪ್ತ ನಾಣ್ಯವೊಂದೂ ಸಿಕ್ಕದು. ಎಂದರೆ, ಇಷ್ಟು ಆಸೆಯುಳ್ಳ ಜನರು ಪೂರ್ಣವಾಗಿ ಬೆರೆತು ಬಾಳುವುದು ಅಸಾಧ್ಯವೇನಲ್ಲ. ಈಗ ಷೆಲ್ಲಿಂಗರು ಕಣ್ಣು ಮುಚ್ಚಿ ಆರಿಸಿದಂತೆ ಎಲ್ಲೆಂದರಲ್ಲಿಂದ 20 ನಾಣ್ಯಗಳನ್ನು ತೆಗೆದುಬಿಟ್ಟು, ಬರಿದಾದ ಮನೆಗಳಲ್ಲಿ ಎಲ್ಲೆಂದರಲ್ಲಿ 5 ನಾಣ್ಯಗಳನ್ನು ಹೊಸದಾಗಿ ಇಡುತ್ತಾರೆ. ಊರಿನಲ್ಲಿಯೂ ಹೀಗೆಯೇ ಅಲ್ಲವೆ? ಒಬ್ಬನಿಗೆ ವರ್ಗವಾಗುತ್ತದೆ, ಒಬ್ಬನು ಮಗನ ಊರಿಗೆ ಹೋಗುತ್ತಾನೆ, ಯಾರೋ ಹೊಸಬರು ಬರುತ್ತಾರೆ. ಇಷ್ಟಾದ ಕೂಡಲೆ ಅಲ್ಲಲ್ಲಿ ಒಂದೊಂದು ನಾಣ್ಯವು ಅತೃಪ್ತವಾಗುತ್ತದೆ. ಅದನ್ನೆತ್ತಿ, ಅದರ ಅಪೇಕ್ಷೆ ಸಲ್ಲುವ ಹತ್ತಿರದ ಬರಿದು ಮನೆಯಲ್ಲಿ ಇಡಬೇಕು; ಅತೃಪ್ತರು ಯಾರೂ ಉಳಿಯದ ತನಕ ಹೀಗೆ ಮಾಡುತ್ತ ಹೋಗಬೇಕು.

ನಾವು ಇದನ್ನು ನಮ್ಮ ಕಾರ್ಯಾಲಯದಲ್ಲಿ ಹುಣಿಸೆಯ ಬೀಜ, ಅವರೆಯ ಬೀಜಗಳಿಂದ ಆಡಿ ನೋಡಿದೆವು. ಬೀಜಗಳನ್ನು ಸರಿಸುತ್ತಿದ್ದ ಕರಡು ತಿದ್ದುವ ಮಹನೀಯರು, ಒಂದನ್ನು ಸಮಾಧಾನಪಡಿಸಿದರೆ ಮತ್ತೊಂದು ಗಂಟುಮೂಟೆ ಕಟ್ಟುತ್ತದೆಂದು ಗೊಣಗಿದರು. ಅವರು ಗೊಣಗಿದ ಮಾತಿನಲ್ಲಿಯೇ ಇಡೀ ತತ್ತ್ವವು ಅಡಗಿದೆ. ಒಬ್ಬನು ಮನೆ ಬಿಟ್ಟು ಹೋದಾಗ ಅವನ ಹಿಂದಿನ ನೆರೆಯ ಸ್ವಜನರಿಗೆ ತಮ್ಮವನೊಬ್ಬ ಕಡಮೆಯಾದನು. ಅವರಲ್ಲಿ ಅಂಚಿನಲ್ಲಿದ್ದವರು ಈಗ ಅತೃಪ್ತರು. ಅವನು ಹೋಗಿ ಸೇರಿದಲ್ಲಿ ಪರರಿಗೆ ಪರನೊಬ್ಬ ಹೆಚ್ಚಾದನು. ಅಲ್ಲಿಯೂ ಕೆಲವರಿಗೆ ತಕ್ಕಡಿ ವಾಲಿತು. ಅವನು ತನ್ನ ಸೌಖ್ಯವನ್ನಷ್ಟೇ ನೋಡಿಕೊಂಡನು. ಆದರೆ ಅವನ ಹೆಜ್ಜೆಯು ತಾನು ಕಾಣದ ನಾಲ್ಕಾರು ಸಂಸಾರಗಳನ್ನು ಅಲುಗಿಸಿತು. ಹೀಗೆ ಸರಪಳಿಯು ಬೆಳೆದು, ಕೊನೆಗೆ ಎಲ್ಲವೂ ನಿಂತಾಗ ಮಣೆಯ ಒಂದು ಕಡೆ ಹುಣಿಸೆಯ ಕೇರಿ, ಇನ್ನೊಂದು ಕಡೆ ಅವರೆಯ ಕೇರಿ. ಎಷ್ಟೋ ಬೀಜಗಳ ನೆರೆಯಲ್ಲಿ ಪರಜಾತಿಯದೊಂದೂ ಇರಲಿಲ್ಲ. ಇದನ್ನು ಯಾವ ಬೀಜವೂ ಬೇಡಿರಲಿಲ್ಲ.

ಷೆಲ್ಲಿಂಗರ ತರುವಾಯ ಗಣಕಯಂತ್ರಗಳು ಬಂದು, ಸಾವಿರಾರು ಮನೆಗಳ ಮಣೆಯ ಮೇಲೆ ಈ ಆಟವನ್ನು ಕ್ಷಣಮಾತ್ರದಲ್ಲಿ ಆಡಿ ತೋರಿಸುವುದು ಸಾಧ್ಯವಾಗಿದೆ. ನೆರೆಯವರಲ್ಲಿ ಮೂರರಲ್ಲೊಂದು ಪಾಲು ತನ್ನವರಿದ್ದರೆ ಸಾಕೆಂದು ಪ್ರತಿಯೊಬ್ಬನೂ ಹೇಳುವ ಊರಿನಲ್ಲಿ, ಆಟವು ನಿಲ್ಲುವ ವೇಳೆಗೆ ಸರಾಸರಿಯಲ್ಲಿ ನೂರಕ್ಕೆ 70ರ ಆಸುಪಾಸು ಸ್ವಜನರೇ ನೆರೆಯವರಾಗಿರುವುದು ಕಂಡುಬರುತ್ತದೆ. ಬೇಡಿದ್ದಕ್ಕೂ ದೊರೆತದ್ದಕ್ಕೂ ಇರುವ ಅಂತರವನ್ನು ವಾಚಕರು ಗಮನಿಸಬೇಕು. ಇದಕ್ಕಿಂತಲೂ ಸೋಜಿಗದ ಸಂಗತಿಯನ್ನು 2007ರಲ್ಲಿ ಪ್ಯಾಂಕ್ಸ್ ಮತ್ತು ವ್ರೀಂಡ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದರು. ನೆರೆಯಲ್ಲಿ ಅರ್ಧಕ್ಕರ್ಧ ಬೆರೆತಿರುವುದೇ ಎಲ್ಲಕ್ಕಿಂತ ಮೇಲೆಂದು ಪ್ರತಿಯೊಬ್ಬನೂ ಮನಃಪೂರ್ವಕವಾಗಿ ಬಯಸಿದರೂ, ಅವರವರು ತಮ್ಮತಮ್ಮ ಪಾಲಿಗೆ ಒಳಿತಾದ ಸ್ಥಳವನ್ನು ಹುಡುಕುತ್ತ ಹೋದಲ್ಲಿ ವಿಂಗಡಣೆಯೇ ಫಲಿಸಬಹುದೆಂದು ಅವರು ತೋರಿಸಿದ್ದಾರೆ. ಸದ್ಭಾವನೆಯನ್ನು ಉಪದೇಶಿಸಿದರೆ ಮಿಕ್ಕದ್ದು ತಾನಾಗಿ ಸರಿಹೋಗುತ್ತದೆಂದು ನಂಬಿರುವವರು ಈ ಫಲಿತಾಂಶದ ಮುಂದೆ ತುಸು ಹೊತ್ತು ಕುಳಿತುಕೊಳ್ಳಬೇಕು.

ಈ ಮಣೆಯ ವಿಚಾರವನ್ನು ಬೇರೊಬ್ಬರೂ ಸ್ವತಂತ್ರವಾಗಿ ಕಂಡುಕೊಂಡಿದ್ದರು. ಜೇಮ್ಸ್ ಸಕೋಡ ಎಂಬವರು ಜಪಾನೀ ಮನೆತನದ ಅಮೆರಿಕನ್ ಪ್ರಜೆ. ಮಹಾಯುದ್ಧದ ಕಾಲದಲ್ಲಿ, 1942ರಿಂದ, ಅಮೆರಿಕಾ ಸರಕಾರವು ಜಪಾನೀ ಮೂಲದ ಸುಮಾರು 1,20,000 ಜನರನ್ನು ಅವರ ಮನೆಮಠಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿತಷ್ಟೆ. ಅವರೊಳಗೆ ಬಹುಪಾಲು ಮಂದಿ ಆ ದೇಶದ ಪ್ರಜೆಗಳೇ. ಸಕೋಡ ಅವರೂ ಹಾಗೆ ಶಿಬಿರ ಸೇರಿದವರು. ಅಲ್ಲಿ ಗುಂಪುಗಳು ಕೂಡುವುದನ್ನೂ ಒಡೆಯುವುದನ್ನೂ ಒಳಗಿನಿಂದಲೇ ಕಂಡು, 1949ರ ತಮ್ಮ ಪ್ರೌಢಪ್ರಬಂಧದಲ್ಲಿ ಅದನ್ನು ವಿಶ್ಲೇಷಿಸಿದರು. ಅದರಿಂದ ಬೆಳೆದ ಚೌಕದ ಮಣೆಯ ಮಾದರಿಯು 1971ರಲ್ಲಿ, ಷೆಲ್ಲಿಂಗರ ಲೇಖನವು ಬಂದ ಪತ್ರಿಕೆಯಲ್ಲಿಯೇ, ಅದೇ ಸಂಪುಟದಲ್ಲಿ ಪ್ರಕಟವಾಯಿತು. ಕೀರ್ತಿಯೆಲ್ಲವೂ ಒಬ್ಬರಿಗೆ ಹೋಯಿತು. ಶಿಬಿರದ ಮುಳ್ಳುತಂತಿಯನ್ನು ಕಂಡವರ ಹೆಸರನ್ನು ಬಹಳ ಕಾಲ ಯಾರೂ ಎತ್ತಲಿಲ್ಲ.

ಆ ಮುಳ್ಳುತಂತಿಯ ನೆನಪು ಇಲ್ಲಿ ಅಪ್ರಕೃತವಲ್ಲ. ಮಣೆಯ ಆಟವನ್ನು ಕೇಳಿದವರಲ್ಲಿ ಕೆಲವರು, ಹಾಗಾದರೆ ಜಗತ್ತಿನ ವಿಂಗಡಣೆಯೆಲ್ಲವೂ ಸಣ್ಣಸಣ್ಣ ನಿರಪರಾಧಿ ಆಸೆಗಳ ಫಲವೆಂದು ನಿಟ್ಟುಸಿರುಬಿಟ್ಟು ಸುಮ್ಮನಾಗುವುದುಂಟು. ಷೆಲ್ಲಿಂಗರು ಹೀಗೆ ಹೇಳಲೇ ಇಲ್ಲ. ಜನರು ಬೇರೆಯಾಗುವುದಕ್ಕೆ ಮೂರು ದಾರಿಗಳಿವೆ. ಕಟ್ಟುಕಟ್ಟಳೆಗಳಿಂದ ಬೇರ್ಪಡಿಸುವುದೊಂದು, ಬಡತನ ಸಿರಿತನಗಳಿಂದಾಗುವುದೊಂದು, ಬಿಡಿಬಿಡಿ ಜನರ ಆಯ್ಕೆಯಿಂದಾಗುವುದೊಂದು. ತಾನು ಪರಿಶೀಲಿಸುವುದು ಮೂರನೆಯದನ್ನು ಮಾತ್ರ ಎಂದು ಅವರು ಮೊದಲಿಗೇ ಸ್ಪಷ್ಟಪಡಿಸಿದ್ದರು. ಮಣೆಯ ಮೇಲಿನ ನಾಣ್ಯಕ್ಕೆ ಯಾರೂ ಬಾಗಿಲು ಮುಚ್ಚುವುದಿಲ್ಲ, ಕಲ್ಲು ಹೊಡೆಯುವುದಿಲ್ಲ, ಸಾಲವಿಲ್ಲವೆನ್ನುವುದಿಲ್ಲ. ನಿಜವಾದ ಊರಿನಲ್ಲಿ ಇವೆಲ್ಲವೂ ನಡೆದುವು. ಅದಕ್ಕೆ ಮೋಟಾರು ಕಾರ್ಖಾನೆಗಳ ಪಟ್ಟಣವಾದ ಡೆಟ್ರಾಯಿಟಿಗಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ.

ದಕ್ಷಿಣದ ಹತ್ತಿಯ ಸೀಮೆಯಿಂದ ಕರಿಯರು ಕೂಲಿಯನ್ನರಸಿ ಸಾವಿರಗಟ್ಟಲೆಯಾಗಿ ಆ ಪಟ್ಟಣಕ್ಕೆ ಬರತೊಡಗಿದ್ದ ಕಾಲ. 1925ರ ಸೆಪ್ಟೆಂಬರಿನಲ್ಲಿ ಓಸಿಯನ್ ಸ್ವೀಟ್ ಎಂಬ ಕರಿಯ ವೈದ್ಯರು ಬಿಳಿಯರ ಬೀದಿಯೊಂದರಲ್ಲಿ ಮನೆಯನ್ನು ಕೊಂಡು ಸಂಸಾರಸಮೇತ ಒಕ್ಕಲಾದರು. ಮರುದಿನ ರಾತ್ರಿ ನೂರಾರು ಮಂದಿ ಮನೆಯನ್ನು ಮುತ್ತಿ ಕಲ್ಲು ತೂರಿದರು. ಪೋಲೀಸರು ಅಲ್ಲಿಯೇ ಇದ್ದರು. ಮನೆಯೊಳಗಿನಿಂದ ಗುಂಡು ಹಾರಿ ಒಬ್ಬ ಬಿಳಿಯನು ಸತ್ತನು. ವೈದ್ಯರೂ ಅವರ ಪತ್ನಿಯೂ ಸೇರಿ ಹನ್ನೊಂದು ಮಂದಿಯ ಮೇಲೆ ಕೊಲೆಯ ಆಪಾದನೆ. ಪ್ರಸಿದ್ಧ ವಕೀಲ ಕ್ಲಾರೆನ್ಸ್ ಡ್ಯಾರೋ ಅವರ ಪರವಾಗಿ ನಿಂತರು. ಮೊದಲ ವಿಚಾರಣೆಯಲ್ಲಿ ಜ್ಯೂರಿಗಳಿಗೆ ಒಮ್ಮತ ಬರಲಿಲ್ಲ. 1926ರಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿಯು ವೈದ್ಯರ ತಮ್ಮನನ್ನು ನಿರ್ದೋಷಿಯೆಂದು ಬಿಟ್ಟಿತು. ನ್ಯಾಯಾಲಯದಲ್ಲಿ ಗೆಲುವಾಯಿತು, ಬೀದಿಯಲ್ಲಿ ಆಗಲಿಲ್ಲ. ಮನೆಯ ಕ್ರಯಪತ್ರದಲ್ಲಿಯೇ ಇದನ್ನು ಕರಿಯರಿಗೆ ಮಾರಕೂಡದೆಂಬ ಷರತ್ತನ್ನು ಬರೆಯುವ ಪದ್ಧತಿಯು ಊರೂರಿಗೆ ಹಬ್ಬಿತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೆ ತರಕೂಡದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತದ್ದು 1948ರಲ್ಲಿ. ಆಗ ಜೊತೆಯಾಗಿ ತೀರ್ಮಾನವಾದ ದಾವೆಗಳಲ್ಲಿ ಒಂದು ಡೆಟ್ರಾಯಿಟಿನದೇ.

ಸರಕಾರವೂ ಕೈಕಟ್ಟಿ ಕುಳಿತಿರಲಿಲ್ಲ. ಮನೆಸಾಲಗಳಿಗೆ ಹೊಣೆ ನಿಲ್ಲಲು 1934ರಲ್ಲಿ ಒಂದು ಒಕ್ಕೂಟ ಇಲಾಖೆಯು ಸ್ಥಾಪಿತವಾಯಿತು. ಕರಿಯರು ಇರುವ ಅಥವಾ ಬರಬಹುದಾದ ಮೊಹಲ್ಲೆಯನ್ನು ಸಾಲಕ್ಕೆ ಅಪಾಯದ ಸ್ಥಳವೆಂದು ಅದು ಎಣಿಸಿತು. ಡೆಟ್ರಾಯಿಟಿನ ಉತ್ತರದ ಅಂಚಿನಲ್ಲಿ ಕರಿಯರ ವಸತಿಗೆ ಹೊಂದಿದಂತೆ ಬಿಳಿಯರಿಗಾಗಿ ಮನೆಗಳನ್ನು ಕಟ್ಟಲು ಹೊರಟ ಗುತ್ತೇದಾರನೊಬ್ಬನಿಗೆ ಇದರಿಂದ ಅಡಚಣೆಯಾಯಿತು. 1941ರಲ್ಲಿ ಅವನು ಎರಡು ವಸತಿಗಳ ನಡುವೆ 6 ಅಡಿ ಎತ್ತರದ, ಸುಮಾರು ಅರ್ಧ ಮೈಲಿ ಉದ್ದದ ಗೋಡೆಯನ್ನು ಎಬ್ಬಿಸಿದನು. ಇಲಾಖೆಗೆ ಸಮಾಧಾನವಾಯಿತು, ಸಾಲಕ್ಕೆ ಹೊಣೆ ದೊರೆಯಿತು. ಆ ಗೋಡೆಯು ಇಂದಿಗೂ ಇದೆ. ಅದರ ಒಂದು ಭಾಗದ ಮೇಲೆ ಊರವರು ಬಣ್ಣಬಣ್ಣದ ಚಿತ್ರಗಳನ್ನು ಬರೆಸಿದ್ದಾರೆ.

1967ರಲ್ಲಿ ಆ ಪಟ್ಟಣದಲ್ಲಿ ದಂಗೆಯೆದ್ದು 43 ಮಂದಿ ಸತ್ತರು. ಮರುವರ್ಷ ಮನೆ ಮಾರುವುದರಲ್ಲಿಯೂ ಬಾಡಿಗೆಗೆ ಕೊಡುವುದರಲ್ಲಿಯೂ ವರ್ಣಭೇದವನ್ನು ನಿಷೇಧಿಸಿ ದೇಶಕ್ಕೆಲ್ಲ ಶಾಸನವಾಯಿತು. ಬಾಗಿಲು ತೆರೆದ ಮೇಲೆ ಜನರು ಬೆರೆತರೆ? ಈ ಪ್ರಶ್ನೆಯನ್ನಿಟ್ಟುಕೊಂಡು 1976ರಲ್ಲಿ ಡೆಟ್ರಾಯಿಟಿನ ಜನರನ್ನೇ ವಿಚಾರಿಸಿದರು. 15 ಮನೆಗಳ ಚಿತ್ರಗಳುಳ್ಳ ಹಲಗೆಗಳನ್ನು ತೋರಿಸಿ, ಕರಿಯರು ಬಿಳಿಯರು ಯಾವ ಪ್ರಮಾಣದಲ್ಲಿ ಬೆರೆತಿದ್ದರೆ ನಿಮಗೆ ಸಮ್ಮತವೆಂದು ಕೇಳಿದರು. ಕರಿಯರಲ್ಲಿ ಬಹುಮಂದಿಗೆ ಹಿತವಾದದ್ದು ಅರ್ಧಕ್ಕರ್ಧದ ಬೀದಿ. ಬಿಳಿಯರಾದರೋ ಒಂದೆರಡು ಕರಿಯ ಸಂಸಾರಗಳಿಗೆ ಒಪ್ಪುವರು. ಸಂಖ್ಯೆಯು ಏರಿದಂತೆಲ್ಲ ಒಪ್ಪುವವರು ಕರಗುತ್ತ ಬಂದು, ಅರ್ಧಕ್ಕೆ ಮುಟ್ಟುವ ಮೊದಲೇ ಹೆಚ್ಚಿನವರಿಗೆ ಕಸಿವಿಸಿ. ಇಲ್ಲಿ ಷೆಲ್ಲಿಂಗರ ಮಣೆಯು ಮತ್ತೆ ಉಪಯೋಗಕ್ಕೆ ಬರುತ್ತದೆ. ಕರಿಯರಿಗೆ ಹಿತವಾಗುವ ಪ್ರಮಾಣಕ್ಕೆ ಬೀದಿಯು ಬರುವಷ್ಟರಲ್ಲಿ ಬಿಳಿಯರು ಮನೆ ಮಾರತೊಡಗುವರು. ದಲ್ಲಾಳಿಗಳು ಬೆಲೆ ಬಿದ್ದುಹೋದೀತೆಂದು ಅವರನ್ನು ಇನ್ನಷ್ಟು ಹೆದರಿಸುವರು. ಕೊನೆಗೆ ಬೆರೆತ ಬೀದಿಯನ್ನು ಬಯಸಿ ಬಂದ ಕರಿಯ ಸಂಸಾರವು ಬರಿಯ ಕರಿಯರ ಬೀದಿಯಲ್ಲಿ ಉಳಿಯುವುದು. ಬೆರೆಯಬೇಕೆಂದು ಆಶಿಸಿದವರಿಗೇ ಈ ಆಟದಲ್ಲಿ ಹೆಚ್ಚಿನ ನಷ್ಟ. 1950ರಲ್ಲಿ 18,49,568 ಇದ್ದ ಡೆಟ್ರಾಯಿಟಿನ ಜನಸಂಖ್ಯೆಯು 2010ರಲ್ಲಿ 7,13,777ಕ್ಕೆ ಇಳಿದಿತ್ತು. ಕಾರ್ಖಾನೆಗಳು ಹೋದದ್ದೂ ಅದಕ್ಕೆ ಕಾರಣವೆಂಬುದು ನಿಜ. ಆದರೆ ತೆರಿಗೆ ಕೊಡಬಲ್ಲವರು ಪಟ್ಟಣದ ಗಡಿಯನ್ನು ದಾಟಿ ಹೋದಾಗ ಅವರ ಹಿಂದೆ ಶಾಲೆಯೂ ಬೀದಿದೀಪವೂ ಸೊರಗಿದುವು.

ಇಷ್ಟನ್ನೋದಿದ ವಾಚಕರ ಮನಸ್ಸು ನಮ್ಮ ದೇಶದ ಕಡೆಗೆ ತಿರುಗದೆ ಇರದು. ಇಲ್ಲಿ ನಾವು ಒಂದು ಮಾತನ್ನು ನಿರ್ದಾಕ್ಷಿಣ್ಯವಾಗಿ ಹೇಳಬೇಕಾಗಿದೆ. ನಮ್ಮ ಹಳ್ಳಿಗಳ ಹೊಲೆಗೇರಿ ಮಾದಿಗರ ಹಟ್ಟಿಗಳನ್ನು ಈ ಮಣೆಯಿಂದ ವಿವರಿಸಹೊರಟರೆ ಅದು ಸತ್ಯಕ್ಕೆ ಮಾಡುವ ಅಪಚಾರ. ಅಲ್ಲಿನ ಜನರು ನಾಲ್ಕು ಮಂದಿ ತಮ್ಮವರು ನೆರೆಯಲ್ಲಿರಲೆಂದು ಆರಿಸಿಕೊಂಡು ಊರ ಹೊರಗೆ ಹೋದವರಲ್ಲ. ಅವರನ್ನು ಅಲ್ಲಿ ಇರಿಸಲಾಯಿತು. ಅಮೆರಿಕದಲ್ಲಿ ಉನ್ನತ ವ್ಯಾಸಂಗ ಮಾಡಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದ ಡಾಕ್ಟರ್ ಅಂಬೇಡ್ಕರರಿಗೆ ಆ ಪಟ್ಟಣದಲ್ಲಿ ತಲೆಯಿಡಲು ಒಂದು ಕೋಣೆ ದೊರೆಯಲಿಲ್ಲ. ಗುರುತನ್ನು ಮರೆಮಾಡಿ ಪಾರಸಿಗಳ ವಸತಿಗೃಹವೊಂದರಲ್ಲಿ ಇದ್ದರೆ, ಗುರುತು ಹತ್ತಿದಾಗ ದೊಣ್ಣೆ ಹಿಡಿದ ಗುಂಪೊಂದು ಬಂದು ಅವರನ್ನು ಹೊರಡಿಸಿತು. ವಿದ್ಯೆ, ಉದ್ಯೋಗ, ಸಂಬಳ ಯಾವುದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಅಂಥ ತಡೆಯನ್ನು 1955ರ ಶಾಸನವು ಅಪರಾಧವೆಂದು ಸಾರಿದೆ. ಆದರೆ ಬರಿಯ ಮಣೆಯಾಟವೋ ಕಟ್ಟಳೆಯೋ ಎಂದು ಬಿಡಿಸಿ ಹೇಳಲಾಗದಂಥ ಒಂದು ಮಧ್ಯದ ಪ್ರದೇಶವು ನಮ್ಮ ನಗರಗಳಲ್ಲಿ ಬೆಳೆದಿದೆ. 'ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡನ್ನು ನೋಡದ ಪಟ್ಟಣಿಗನುಂಟೆ? ಬರೆದ ಮಾಲಿಕನು ಕೆಟ್ಟವನೆಂದು ನಾವು ಹೇಳುವುದಿಲ್ಲ. ಅವನು ಅಡಿಗೆಮನೆಯ ವಾಸನೆಯನ್ನೇ ನೆನೆದಿರಬಹುದು. ಓದುವವನಿಗೆ ಮಾತ್ರ ಜಾತಿಯ ಪ್ರಶ್ನೆಯೇ ಕೇಳಿಸುತ್ತದೆ. ಬೀದಿಯಲ್ಲಿ ಒಬ್ಬನು ಹಾಗೆ ಬರೆದರೆ ಆ ಬಾಡಿಗೆದಾರನು ಪಕ್ಕದ ಬೀದಿಗೆ ಹೋದಾನು. ಹತ್ತು ಮಂದಿ ಬರೆದರೆ ಅವನು ಊರಿನ ಯಾವ ಮೂಲೆಗೆ ಹೋಗಬೇಕೆಂಬುದು ಆ ಹತ್ತು ಮಂದಿಯೂ ಕೂಡಿ ಆಲೋಚಿಸದೆಯೇ ನಿಶ್ಚಯವಾಗಿಬಿಡುತ್ತದೆ. 2015ರಲ್ಲಿ ಪ್ರಕಟವಾದ ಸುಖದೇವ ಥೋರಟ್ ಮತ್ತು ಅವರ ಸಂಗಡಿಗರ ಪರಿಶೀಲನೆಯಲ್ಲಿ, ದಿಲ್ಲಿಯ ಆಸುಪಾಸಿನ ಮಾಲಿಕರಲ್ಲಿ ಮನೆ ಕೇಳಿದವರ ಪೈಕಿ ಮೇಲ್ಜಾತಿಯ ಹಿಂದುಗಳಿಗೆ ದೊರೆತ ಒಪ್ಪಿಗೆಯು ದಲಿತರಿಗೂ ಮುಸಲ್ಮಾನರಿಗೂ ದೊರೆಯಲಿಲ್ಲ. ಗೃಹನಿರ್ಮಾಣ ಸಹಕಾರ ಸಂಘಗಳ ಮಾತು ಬೇರೆಯೇ ಇದೆ. ಅಹಮದಾಬಾದಿನ ಪಾರಸಿಗಳ ಸಂಘವೊಂದು ಸದಸ್ಯತ್ವವು ತನ್ನ ಪಂಗಡದವರಿಗೆ ಮಾತ್ರವೆಂದು ನಿಬಂಧನೆ ಮಾಡಿಕೊಂಡಿದ್ದುದು ಅಸಿಂಧುವಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ತೀರ್ಪಿತ್ತಿತು. ಸಣ್ಣ ಪಂಗಡವೊಂದು ತನ್ನ ಆಚಾರವಿಚಾರಗಳನ್ನು ಉಳಿಸಿಕೊಳ್ಳಲು ಒಟ್ಟಿಗಿರಬಯಸುವುದು ನಮಗೆ ಅರ್ಥವಾಗುತ್ತದೆ. ಅದೇ ನಿಯಮವನ್ನು ದೊಡ್ಡ ಪಂಗಡಗಳು ಹಿಡಿದರೆ ಏನಾದೀತೆಂಬುದೇ ನಮ್ಮ ಶಂಕೆ.

ಮಣೆಯನ್ನು ಬೇರೆ ರೀತಿಯಾಗಿ ಆಡಿಸಲೆತ್ನಿಸಿದ ಸರಕಾರವೊಂದಿದೆ. ಸಿಂಗಪುರದಲ್ಲಿ ಹತ್ತರಲ್ಲಿ ಎಂಟರ ಹತ್ತಿರ ಜನರು ಸರಕಾರಿ ಮಂಡಲಿಯು ಕಟ್ಟಿಸಿದ ಮನೆಗಳಲ್ಲಿ ವಾಸಿಸುವರು. ಅಲ್ಲಿ ಚೀನೀಯರು, ಮಲಯರು, ಭಾರತೀಯರು ಮತ್ತೆ ಬೇರೆಬೇರೆ ಕಡೆ ಗುಂಪುಗೂಡುತ್ತಿರುವುದನ್ನು ಕಂಡು, 1964ರ ಕೋಮುಗಲಭೆಯ ನೆನಪು ಮಾಸದಿದ್ದ ಆ ಸರಕಾರವು 1989ರಲ್ಲಿ ಒಂದೊಂದು ಕಟ್ಟಡದಲ್ಲಿಯೂ ಒಂದೊಂದು ಜನಾಂಗಕ್ಕೆ ಮಿತಿಯನ್ನು ಗೊತ್ತುಮಾಡಿತು: ಚೀನೀಯರು ನೂರಕ್ಕೆ 87, ಮಲಯರು 25, ಭಾರತೀಯರೂ ಇತರರೂ 13, ಈ ಕೊನೆಯದನ್ನು 2010ರಲ್ಲಿ 15ಕ್ಕೆ ಏರಿಸಿತು. ಮಿತಿಯು ಮುಟ್ಟಿದ ಕಟ್ಟಡದಲ್ಲಿ ಆ ಜನಾಂಗದ ಹೊಸಬನು ಕೊಳ್ಳಬೇಕಾದರೆ ಅದೇ ಜನಾಂಗದವನು ಮಾರಬೇಕು. ಬೆರೆತು ವಾಸಿಸುವುದೇನೋ ಆಯಿತು. ಬೆಲೆಯನ್ನು ತೆತ್ತವರು ಮಾತ್ರ ಹೆಚ್ಚಾಗಿ ಸಣ್ಣ ಜನಾಂಗಗಳವರು. ಚೀನೀಯರ ಮಿತಿ ಮುಟ್ಟಿದ ಕಟ್ಟಡದಲ್ಲಿರುವ ಮಲಯನೋ ತಮಿಳನೋ ಊರಿನಲ್ಲಿ ಬಹುಸಂಖ್ಯಾತರಾದ ಚೀನೀಯರಿಗೆ ಮನೆಯನ್ನು ಮಾರುವಂತಿಲ್ಲ. ಕೊಳ್ಳುವವರು ಕಡಮೆ, ಬೆಲೆಯೂ ಕಡಮೆ. ಈ ಅಹವಾಲು ಬಹುಕಾಲ ನಡೆದು, ತೀರ ಕಷ್ಟದಲ್ಲಿರುವವರ ಮನೆಗಳನ್ನು ಮಂಡಲಿಯೇ ಕೊಂಡುಕೊಳ್ಳುವ ಏರ್ಪಾಡನ್ನು 2021ರ ಕೊನೆಯಲ್ಲಿ ಪ್ರಕಟಿಸಬೇಕಾಯಿತು.

ಇಂಥ ಲೆಕ್ಕದ ಬಿಗಿಯನ್ನು ನಮ್ಮ ದೇಶಕ್ಕೆ ತರಬೇಕೆಂದು ನಾವು ಸೂಚಿಸುವುದಿಲ್ಲ. ಇಲ್ಲಿ ಸರಕಾರವು ಎಲ್ಲರ ಮನೆಯ ಒಡೆಯನಲ್ಲ. ನೂರಾರು ಜಾತಿಗಳಿಗೆ ಮಿತಿ ಕಟ್ಟಲು ಹೊರಟರೆ ಜಾತಿಯ ಸರ್ಟಿಫಿಕೇಟಿಲ್ಲದೆ ಹಿತ್ತಲ ಬಾಗಿಲನ್ನೂ ತೆರೆಯಲಾಗದಂತಾದೀತು. ಆದರೆ ಸರಕಾರದ ಕೈಯಲ್ಲಿಯೇ ಇರುವ ನೆಲವೊಂದುಂಟು. ಬಡಾವಣೆಗಳನ್ನು ಮಾಡುವ ಪ್ರಾಧಿಕಾರಗಳು ನಿವೇಶನಗಳನ್ನು ಹಂಚುವಾಗ ಒಂದು ಪಂಗಡದವರು ಒಂದೇ ಸಾಲಿನಲ್ಲಿ ಬರದಂತೆ ಚೀಟಿಯೆತ್ತಿ ಕೊಡುವುದಕ್ಕೆ ಅಡ್ಡಿಯೇನು? ದುರ್ಬಲರಿಗೆಂದು ಕಟ್ಟಿಸುವ ಮನೆಗಳನ್ನು ಊರಾಚೆಯ ಒಂದೇ ಬಯಲಿನಲ್ಲಿ ಗುಡ್ಡೆಹಾಕುವ ಬದಲು ಹತ್ತು ಬಡಾವಣೆಗಳಲ್ಲಿ ಹತ್ತಿಪ್ಪತ್ತರಂತೆ ಚೆದುರಿಸಬಾರದೆ? ಇನ್ನು, ರಿಯಾಯಿತಿ ಬೆಲೆಗೆ ಸರಕಾರಿ ಜಮೀನನ್ನು ಬೇಡಿ ಬರುವ ಗೃಹನಿರ್ಮಾಣ ಸಂಘವು ಸದಸ್ಯತ್ವವನ್ನು ಎಲ್ಲರಿಗೂ ತೆರೆದಿರಬೇಕೆಂಬ ಒಂದು ಷರತ್ತನ್ನು ಮಂಜೂರಾತಿ ಪತ್ರದಲ್ಲಿ ಬರೆಯುವುದು ಸಂಬಂಧಪಟ್ಟ ಅಧಿಕಾರಿಗಳ ಲೇಖನಿಗೆ ಒಂದು ಸಾಲಿನ ಕೆಲಸ. ಮುಂದಿನ ಮಂಜೂರಾತಿಯಿಂದಲೇ ಅದನ್ನು ಬರೆಯತೊಡಗಬಹುದು.